ಷಡ್ಡಕನ ಒಬ್ಬಟ್ಟೂ ಜನಾಭಿಪ್ರಾಯವೂ

ಈಚೆಗೆ ನಮ್ಮ ಚಿಕ್ಕಬಳ್ಳಾಪುರದ ಹೋಟೆಲುಗಳಲ್ಲಿ ಯಾರೂ ಸುಮ್ಮನೆ ವಡೆ ತಿನ್ನುವುದಿಲ್ಲ. ವಿವರಣೆ ಕೊಟ್ಟು ತಿನ್ನುತ್ತಾರೆ. ನಿನ್ನೆ ರಾತ್ರಿ ಊಟ ಬಿಟ್ಟಿದ್ದೆ ಎಂದು ಒಬ್ಬರು, ಇವತ್ತು ಎರಡು ಸುತ್ತು ಹೆಚ್ಚಿಗೆ ನಡೆದೆ ಎಂದು ಇನ್ನೊಬ್ಬರು, ನಾಳೆಯಿಂದ ಹೇಗೂ ನಿಲ್ಲಿಸುವವನೇ ಎಂದು ಮತ್ತೊಬ್ಬರು ಪಕ್ಕದ ಮೇಜಿನ ಅಪರಿಚಿತರಿಗೂ ಕೇಳಿಸುವಂತೆ ಹೇಳಿ, ಆಮೇಲೆ ಚಟ್ನಿಗೆ ಕೈ ಹಾಕುತ್ತಾರೆ. ಹಿಂದೆ ಜನ ದೇವರಿಗೆ ಕೈ ಮುಗಿದು ತುತ್ತೆತ್ತುತ್ತಿದ್ದರು, ಈಗ ಸಮಜಾಯಿಷಿ ಹೇಳಿ ಎತ್ತುತ್ತಾರೆ. ನಾನೂ ಇದಕ್ಕೆ ಹೊರತಲ್ಲ. ಎರಡನೆಯ ವಡೆ ತರಿಸುವಾಗ ನನ್ನ ಕಣ್ಣು ತಾನಾಗಿ ಬಾಗಿಲ ಕಡೆಗೆ ಹೋಗುತ್ತದೆ, ನನ್ನ ಹೆಂಡತಿ ಲಲಿತೆ ಬೆಳಗಿನ ಹೊತ್ತು ಆ ಬೀದಿಗೆ ಬರುವವಳಲ್ಲ ಎಂದು ಗೊತ್ತಿದ್ದರೂ.

ಈ ಪಾಪಪ್ರಜ್ಞೆಯನ್ನು ನಮ್ಮ ಮೇಲೆ ಹೇರಿದವರು ಯಾರು ಎಂಬ ಪ್ರಶ್ನೆಗೆ ಹೋಟೆಲಿನ ಜನಾಭಿಪ್ರಾಯ ಒಂದೇ: ಟೀವಿಯ ಅಡುಗೆಯವರು. ವೈದ್ಯರು ಹೇಳಿದರೆ ಜನ ಹೆದರುತ್ತಾರೆ, ಹೆಂಡತಿ ಹೇಳಿದರೆ ಕಿವುಡರಾಗುತ್ತಾರೆ, ಅಡುಗೆಯವನೇ ನಿಂತು ಎಣ್ಣೆ ಕಡಿಮೆ ಮಾಡಿ ಎಂದರೆ ಮಾತ್ರ ಏನೋ ಮೋಸವಾಯಿತೆಂಬಂತೆ ಸಿಟ್ಟಾಗುತ್ತಾರೆ. ಉಪಾಹಾರ ಕೊಡಬೇಕಾದವನು ಉಪದೇಶ ಕೊಟ್ಟರೆ ಅವನಿಗೆ ಸಲ್ಲುವುದು ಉಪಹಾಸವೇ. ಇದನ್ನು ನಾನು ಇಷ್ಟು ಅಧಿಕೃತವಾಗಿ ಹೇಳುವುದಕ್ಕೆ ಕಾರಣವಿದೆ. ಅಂಥ ಅಡುಗೆಯವರಲ್ಲಿ ಒಬ್ಬ ನನ್ನ ಷಡ್ಡಕ, ಎಂದರೆ ಲಲಿತೆಯ ತಂಗಿಯ ಗಂಡ ದಿವಾಕರ.

ದಿವಾಕರ ಮೊದಲು ದೊಡ್ಡ ಹೋಟೆಲುಗಳಲ್ಲಿ ಅಡುಗೆ ಮಾಡುತ್ತಿದ್ದ. ಆಮೇಲೆ ಟೀವಿಗೆ ಬಂದ. ದುಂಡು ಮುಖ, ನಗುವ ಕಣ್ಣು, ಬಾಣಲೆಗೆ ಬೆಣ್ಣೆಯ ಗಡ್ಡೆ ಬಿಡುವಾಗ ಅವನು ಮಾಡುತ್ತಿದ್ದ ಒಂದು ಬಗೆಯ ಹೂಂಕಾರ, ಇವಿಷ್ಟರಿಂದ ಕರ್ನಾಟಕದ ಅಡುಗೆಮನೆಗಳಲ್ಲಿ ಅವನು ಮನೆಮಗನಾದ. ಆ ಕಾಲದಲ್ಲಿ ನನಗೂ ಒಂದಿಷ್ಟು ಕೀರ್ತಿ ಸೋರಿಬಂದಿತ್ತು. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿದ್ದು ನಿವೃತ್ತನಾದವನು. ಇಡೀ ವೃತ್ತಿಜೀವನದಲ್ಲಿ ಸಾವಿರಾರು ಪುಸ್ತಕಗಳ ಬೆನ್ನು ಸವರಿದ್ದರಿಂದ ಸಿಗದ ಗೌರವ ಒಬ್ಬ ಷಡ್ಡಕನಿಂದ ಸಿಕ್ಕಿತು. ಮದುವೆಮನೆಗಳಲ್ಲಿ ನನ್ನನ್ನು ಪರಿಚಯಿಸುವಾಗ ನನ್ನ ಹೆಸರು ಹೇಳುವುದನ್ನೇ ಜನ ಬಿಟ್ಟಿದ್ದರು.

ನಂತರ ಒಂದು ದಿನ ಅವನು ಚಿತ್ರೀಕರಣದ ಒಲೆಯ ಮುಂದೆಯೇ ಕುಸಿದುಬಿದ್ದ. ರಕ್ತದೊತ್ತಡ ಏರಿತ್ತು, ಸಕ್ಕರೆಯೂ ಏರಿತ್ತು. ವರ್ಷಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ರುಚಿ ನೋಡುವುದೇ ಉದ್ಯೋಗವಾಗಿದ್ದವನ ಶರೀರ ಸಂಚಿತಕರ್ಮವನ್ನು ಒಟ್ಟಿಗೆ ಮುಂದಿಟ್ಟಿತ್ತು, ಪಾಕಕ್ಕೆ ವಿಪಾಕ. ಆಸ್ಪತ್ರೆಯಲ್ಲಿ ನಾನು ನೋಡಲು ಹೋದಾಗ ಅವನು ತನ್ನ ಕಾಯಿಲೆಯ ಮಾತನ್ನೇ ಆಡಲಿಲ್ಲ. ತಾನು ಕಲಿಸಿದ ಅಡುಗೆಯನ್ನು ಎಷ್ಟು ಮನೆಗಳಲ್ಲಿ ಮಾಡುತ್ತಿರಬಹುದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಿಟಕಿಯ ಕಡೆ ತಿರುಗಿಕೊಂಡ. ಮರಳಿ ಟೀವಿಗೆ ಬಂದಾಗ ಬೆಣ್ಣೆಯ ಗಡ್ಡೆ ಹೋಗಿ ಅರ್ಧ ಚಮಚ ಬಂದಿತ್ತು. ಎಣ್ಣೆ ಅರ್ಧ, ಉಪ್ಪು ಅರ್ಧ, ಸಕ್ಕರೆ ಅರ್ಧ. ಶಾಲೆಗಳಿಗೆ ಹೋಗಿ ಮಕ್ಕಳ ಊಟದ ಡಬ್ಬಿಯ ಬಗ್ಗೆ ಮಾತಾಡತೊಡಗಿದ. ಮೊದಮೊದಲು ಆಲಿವ್ ಎಣ್ಣೆ, ಹೆಸರು ಹೇಳಲು ಬಾರದ ಪರದೇಶದ ಕಾಳು ಎಂದೆಲ್ಲ ಹೇಳಿ ಹೆಂಗಸರಿಂದ ಚೆನ್ನಾಗಿ ಬೈಸಿಕೊಂಡ. ನಮ್ಮೂರ ಸಂತೆಯಲ್ಲಿ ಸಿಗುವುದನ್ನು ಹೇಳಪ್ಪ ಎಂದು ಲಲಿತೆಯೇ ಫೋನು ಮಾಡಿ ಗದರಿಸಿದ್ದಳು. ಅವನು ತಿದ್ದಿಕೊಂಡ. ಜನ ಮಾತ್ರ ಅಷ್ಟು ಬೇಗ ತಿದ್ದಿಕೊಳ್ಳಲಿಲ್ಲ.

ಆ ಜನರಲ್ಲಿ ಅಗ್ರಗಣ್ಯರು ನಮ್ಮ ಬೀದಿಯ ನಾಗರಾಜಪ್ಪನವರು. ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದ ಅವರೂ ನಾನೂ ಬೆಳಿಗ್ಗೆ ಜೊತೆಗೆ ವಾಕಿಂಗ್ ಹೋಗಿ, ಕರಗಿಸಿದ್ದನ್ನು ಹೋಟೆಲಿನಲ್ಲಿ ಮತ್ತೆ ತುಂಬಿಕೊಂಡು ಬರುವ ಸಹಪಥಿಕರು. ಹೋಟೆಲಿನ ದುಂಡು ಮೇಜಿನ ಸುತ್ತ ದ್ರಾಕ್ಷಿ ವ್ಯಾಪಾರದ ಮುನಿರಾಜು ಮತ್ತು ಇನ್ನೂ ಕೆಲವರು ಸೇರುತ್ತಿದ್ದರು. ಅಲ್ಲಿ ನಾಗರಾಜಪ್ಪನವರದು ಒಂದು ತೀರ್ಪು ಸದಾ ಸಿದ್ಧವಾಗಿರುತ್ತಿತ್ತು: ಬೆಣ್ಣೆ ಹಾಕಿ ಹೆಸರು ಮಾಡಿದ, ಈಗ ಬೆಣ್ಣೆ ತೆಗೆದು ಹೆಸರು ಮಾಡುತ್ತಿದ್ದಾನೆ. ನಾನು ಷಡ್ಡಕಧರ್ಮವನ್ನು ಪಾಲಿಸಿ ಒಂದೆರಡು ಮಾತು ಎದುರಾಡುತ್ತಿದ್ದೆ; ಆದರೆ ಬಾಯಲ್ಲಿ ವಡೆ ಇಟ್ಟುಕೊಂಡು ಮಿತಾಹಾರದ ಪರ ವಾದ ಮಾಡುವವನ ಮಾತಿಗೆ ಎಷ್ಟು ತೂಕವಿದ್ದೀತು?

ಹೀಗಿರುವಾಗ ಚಿಂತಾಮಣಿಯಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ನಾಮಕರಣ ಬಂತು. ಮಗು ನನ್ನ ಭಾಮೈದನದು. ನಮ್ಮತ್ತೆ ವೆಂಕಟಲಕ್ಷ್ಮಮ್ಮನವರು ಕನ್ನಡದಲ್ಲಿ ಆರಂಭಿಸಿದ ವಾಕ್ಯವನ್ನು ತೆಲುಗಿನಲ್ಲಿ ಮುಗಿಸುವ, ತೆಲುಗಿನಲ್ಲಿ ಆರಂಭಿಸಿದ್ದನ್ನು ಬಡಿಸುವುದರಲ್ಲಿ ಮುಗಿಸುವ ಹೆಂಗಸು. ಊಟದ ಹೊತ್ತಿಗೆ ನಾನೊಂದು ಸೂಕ್ಷ್ಮವನ್ನು ಗಮನಿಸಿದೆ. ಪಂಕ್ತಿಯಲ್ಲಿ ಯಾರೂ ತಮ್ಮ ಎಲೆಯನ್ನು ನೋಡಿಕೊಳ್ಳುತ್ತಿರಲಿಲ್ಲ. ಎಲ್ಲರೂ ದಿವಾಕರನ ಎಲೆಯನ್ನು ನೋಡುತ್ತಿದ್ದರು. ಅವನು ಪಲ್ಯ ಹಾಕಿಸಿಕೊಂಡರೆ ಒಂದು ಪಿಸುಮಾತು, ಹಪ್ಪಳ ಬೇಡವೆಂದರೆ ಒಂದು ಮುಗುಳ್ನಗೆ. ಪಾಪ, ಭೋಜನದೊಳಗೆ ಜನವೂ ಇರುವುದನ್ನು ಆ ದಿನ ಅವನಷ್ಟು ಅನುಭವಿಸಿದವರಿಲ್ಲ. ಆಗ ಅತ್ತೆ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು. ಬಾಗಿ, ಅವನ ಎಲೆಯ ಮೇಲೆ ಒಬ್ಬಟ್ಟು ಇಟ್ಟು, ಅದರ ಮೇಲೆ ತುಪ್ಪ ಹನಿಸಿ, “ತಿನು ನಾಯ್ನಾ, ಕೂಸಿನ ಹೆಸರಲ್ಲಿ ತಿನ್ನು” ಎಂದರು. ದಿವಾಕರ ಕಣ್ಣು ಮುಚ್ಚಿ ತಿಂದ. ಹಳೆಯ ಹೂಂಕಾರ ತನ್ನಷ್ಟಕ್ಕೆ ಹೊರಬಂತು.

ಆ ಹೂಂಕಾರವನ್ನು ಎದುರು ಸಾಲಿನ ಯಾರೋ ಫೋನಿನಲ್ಲಿ ಹಿಡಿದಿದ್ದರು. ಮಾರನೆಯ ಬೆಳಗಿನ ಹೊತ್ತಿಗೆ ಅದು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಎಲ್ಲಿಗೆಲ್ಲ ಎಂದು ಯಾರಿಗೂ ತಿಳಿಯದ ಕಡೆಗೆ ಹೋಗಿತ್ತು. ಕೆಳಗೊಂದು ಬರಹ: ನಿಮಗೆ ಅರ್ಧ ಚಮಚ, ಅವರಿಗೆ ಪೂರ್ತಿ ಒಬ್ಬಟ್ಟು. ನನಗೆ ಅದು ಬಂದದ್ದು ನಾಗರಾಜಪ್ಪನವರಿಂದ, ವಾಕಿಂಗಿಗೆ ಹೊರಡುವ ಮೊದಲೇ. ಹೋಟೆಲಿನಲ್ಲಿ ಅವರು ಅದನ್ನು ಸದ್ದು ಹೆಚ್ಚಿಸಿ ತೋರಿಸಿದರು. ಮೇಜಿನ ಸುತ್ತ ಕುಳಿತವರು ಆ ದಿನ ವಿವರಣೆಯಿಲ್ಲದೆ ವಡೆ ತಿಂದರು. ಬಹುದಿನದ ಮೇಲೆ ಎಲ್ಲರಿಗೂ ಖುಲಾಸೆ ಸಿಕ್ಕಿದಂತಿತ್ತು. ಮುನಿರಾಜು ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ನನ್ನ ಮಫ್ಲರನ್ನು ಕಿವಿಗಿಂತ ಮೇಲೆ ಎಳೆದುಕೊಂಡೆ, ಅದು ಚಳಿಗಾಲವಲ್ಲದಿದ್ದರೂ.

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಕಪಟಿ ಎಂದರು, ನಾಟಕದವನು ಎಂದರು. ಆಸ್ಪತ್ರೆ ಸೇರಿದ್ದೂ ಸುಳ್ಳು ಎಂದು ಬರೆದವರಿದ್ದರು. ಅವನ ಹೆಂಡತಿ, ನನ್ನ ನಾದಿನಿ ಶ್ಯಾಮಲೆ, ಎರಡು ದಿನ ಫೋನನ್ನೇ ಮುಟ್ಟಲಿಲ್ಲವಂತೆ. ಸುದ್ದಿ ಅತ್ತೆಗೂ ಮುಟ್ಟಿತು. ಅವರು ಚಿಂತಾಮಣಿಯಿಂದ ಫೋನು ಮಾಡಿದಾಗ ದಿವಾಕರ ನಮ್ಮ ಮನೆಯಲ್ಲಿಯೇ ಇದ್ದ. ಆ ವಾರ ಗೌರಿಬಿದನೂರಿನ ಶಾಲೆಯೊಂದರಲ್ಲಿ ಅವನ ಕಾರ್ಯಕ್ರಮವಿತ್ತು, ಅದಕ್ಕಾಗಿ ಬಂದು ಉಳಿದುಕೊಂಡಿದ್ದ. ಫೋನಿನ ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. ನಾನು ಬಡಿಸಿದ್ದಕ್ಕೆ ನಿನಗೆ ಹೀಗಾಯಿತಲ್ಲ ಎಂದು ಅವರು ಅಳುತ್ತಿದ್ದರು.

“ಇಲ್ಲ ಅತ್ತೆ,” ಎಂದ ದಿವಾಕರ. “ನೀವು ಬಡಿಸ್ದೇ ಇದ್ದಿದ್ರೆ ನಾನೇ ಕೇಳಿ ಹಾಕಿಸ್ಕೊತಿದ್ದೆ.”

ಫೋನಿಟ್ಟ ಮೇಲೆ ಅವನು ನಗುತ್ತಿರಲಿಲ್ಲ. ಅಷ್ಟರಲ್ಲೇ ಶಾಲೆಯ ಮುಖ್ಯೋಪಾಧ್ಯಾಯಿನಿಯ ಕರೆ ಬಂತು. ಕೆಲವು ತಂದೆತಾಯಂದಿರು ಆಕ್ಷೇಪ ಎತ್ತಿದ್ದಾರೆ, ಸಭೆಯಲ್ಲಿ ಮುಜುಗರವಾಗಬಹುದು, ಬೇಕಾದರೆ ಮುಂದಕ್ಕೆ ಹಾಕೋಣ ಎಂದು ಆಕೆ ಬಹಳ ಮರ್ಯಾದೆಯಿಂದ ಹೇಳಿದರಂತೆ. ಮುಂದಕ್ಕೆ ಹಾಕು ಎಂದೇ ನಾನೂ ಹೇಳಿದೆ. ಕಷ್ಟದ ಪುಸ್ತಕಗಳನ್ನೆಲ್ಲ ಹಾಗೆಯೇ ಮುಂದಕ್ಕೆ ಹಾಕಿಕೊಂಡು ಬಂದ ಮನುಷ್ಯ ನಾನು. ದಿವಾಕರ ಒಪ್ಪಲಿಲ್ಲ. ಇವತ್ತು ಹೋಗದಿದ್ದರೆ ಇನ್ನು ಯಾವ ಶಾಲೆಗೂ ತನಗೆ ಹೋಗಲಾಗುವುದಿಲ್ಲ ಎಂದು ಹೇಳಿ, ಬರುವುದಾಗಿ ಆಕೆಗೆ ತಿಳಿಸಿದ.

ನಾವು ಹೊರಡುವ ಹೊತ್ತಿಗೆ ನಾಗರಾಜಪ್ಪನವರು ಗೇಟಿನ ಬಳಿ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಗೌರಿಬಿದನೂರಿನಲ್ಲಿ ಮಗಳ ಮನೆಯಿದೆ, ಕಾರಿನಲ್ಲಿ ಜಾಗವಿದ್ದರೆ ತಾವೂ ಬರುವುದಾಗಿ ಹೇಳಿದರು. ತಮಾಷೆ ನೋಡಲು ಬರುತ್ತಿದ್ದಾರೆಂದು ನನಗೆ ಖಚಿತವಾಗಿತ್ತು. ಒಲ್ಲೆನ್ನುವಷ್ಟು ದಾಕ್ಷಿಣ್ಯಹೀನತೆ ನನ್ನಲ್ಲಿರಲಿಲ್ಲ. ದಿವಾಕರ ಹಿಂದಿನ ಬಾಗಿಲನ್ನು ತಾನೇ ತೆಗೆದು ಕೂರಿಸಿದ. ಗೌರಿಬಿದನೂರು ಮುಟ್ಟಿದ ಮೇಲೆ ನಾಗರಾಜಪ್ಪನವರು ಮಗಳ ಮನೆಯ ಕಡೆ ತಿರುಗಲೂ ಇಲ್ಲ. ನಮ್ಮ ಜೊತೆಗೇ ಶಾಲೆಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತರು.

ಶಾಲೆಯ ಸಭಾಂಗಣ ತುಂಬಿತ್ತು. ಒಳ್ಳೆಯ ಮಾತು ಕೇಳಲು ಅಷ್ಟು ಜನ ಸೇರುವುದಿಲ್ಲವೆಂದು ನನಗೆ ಗೊತ್ತಿತ್ತು. ದಿವಾಕರ ಎದ್ದು ನಿಂತ ಕೂಡಲೇ ಮಧ್ಯದ ಸಾಲಿನಿಂದ ಒಬ್ಬರು ಎದ್ದು, ಒಬ್ಬಟ್ಟು ತಿಂದವರು ನೀವೇ ತಾನೆ ಎಂದು ಕೇಳಿಯೇಬಿಟ್ಟರು. ಅಲ್ಲಲ್ಲಿ ನಗೆ ಎದ್ದಿತು. ಮುಖ್ಯೋಪಾಧ್ಯಾಯಿನಿ ಕುರ್ಚಿಯಲ್ಲಿ ಚಡಪಡಿಸಿದರು.

“ಹೌದು, ನಾನೇ,” ಎಂದ ದಿವಾಕರ. “ವಿಡಿಯೋದಲ್ಲಿ ಒಂದು ತಿಂದಿದ್ದು ಕಾಣುತ್ತೆ. ನಾನು ಎರಡು ತಿಂದೆ.”

ನಗೆ ಒಮ್ಮೆಗೇ ದೊಡ್ಡದಾಯಿತು, ಆದರೆ ಅದರ ಜಾತಿ ಬದಲಾಗಿತ್ತು. ಅದು ತಗ್ಗಿದ ಮೇಲೆ ಅವನು ತಾನು ಒಲೆಯ ಮುಂದೆ ಬಿದ್ದದ್ದನ್ನು, ಕಣ್ಣು ಬಿಟ್ಟಾಗ ತಾನು ವರ್ಷಗಟ್ಟಲೆ ಕಲಿಸಿದ ಅಡುಗೆಗಳ ನೆನಪಾಗಿ ಹೆದರಿದ್ದನ್ನು, ಯಾವ ಅಲಂಕಾರವೂ ಇಲ್ಲದೆ ಹೇಳಿದ. ನಾಮಕರಣದ ಒಬ್ಬಟ್ಟು ಯಾರನ್ನೂ ಕೆಡಿಸುವುದಿಲ್ಲ, ದಿನವೂ ನಾಮಕರಣವಾದರೆ ಕಷ್ಟ ಎಂದ. ಇಷ್ಟಾದ ಮೇಲೂ ಎಲ್ಲರೂ ಕರಗಿಹೋದರೆಂದು ನಾನು ಬರೆದರೆ ಅದು ಷಡ್ಡಕಪಕ್ಷಪಾತವಾದೀತು. ಗಾರ್ಮೆಂಟ್ಸಿಗೆ ಹೋಗುವ ಒಬ್ಬ ತಾಯಿ ಎದ್ದು ನಿಂತರು. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು.

“ಕತ್ತಲಿರುವಾಗ್ಲೇ ಬಸ್ಸು ಹತ್ತಬೇಕು ಸಾರ್ ನಾನು. ನೀವು ಟೀವಿಯಲ್ಲಿ ಕ್ಯಾರೆಟ್‌ನ ನಕ್ಷತ್ರದ ಥರ ಕುಯ್ದು ತೋರಿಸ್ತೀರ. ಅದನ್ನ ಯಾವಾಗ ಕುಯ್ಯಲಿ?”

ದಿವಾಕರನ ಮುಖ ಕೆಂಪಾಯಿತು. ಒಬ್ಬಟ್ಟಿನ ಪ್ರಶ್ನೆಗೆ ಕೆಂಪಾಗದ ಮುಖ ಅದು.

“ಕುಯ್ಯಬೇಡಿ ತಾಯಿ. ನಕ್ಷತ್ರ ಟೀವಿಗೆ. ನೀವು ತೊಳ್ದು ಡಬ್ಬಿಗೆ ಹಾಕಿ, ಮಗೂನೇ ಕಚ್ಚಿ ತಿನ್ಲಿ.”

ಆಕೆ ನಗಲಿಲ್ಲ, ಆದರೆ ಕುಳಿತುಕೊಂಡರು. ಆಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ವೇದಿಕೆಯ ಮೆಟ್ಟಿಲ ಮೇಲೆ ದಿವಾಕರ ಕುಳಿತ, ಸುತ್ತ ಹೆಂಗಸರು ನಿಂತು ಬೆಳಗಿನ ಅವಸರದ ಬಗ್ಗೆ, ತರಕಾರಿ ಮುಟ್ಟದ ಮಕ್ಕಳ ಬಗ್ಗೆ ಮಾತಾಡಿದರು. ಮೊದಲು ಪ್ರಶ್ನೆ ಎತ್ತಿದವರು ಮಾತ್ರ ಹೊರಗೆ ನಿಂತು, ಎಲ್ಲ ಮೊದಲೇ ಕಲಿತು ಬಂದದ್ದು ಎಂದು ಯಾರಿಗೋ ಹೇಳುತ್ತಿದ್ದರು. ನಾಗರಾಜಪ್ಪನವರು ಕೊನೆಯ ಸಾಲಿನಿಂದ ಕದಲಿರಲಿಲ್ಲ. ಮುಖದಲ್ಲಿ ನಗೆಯೂ ಇರಲಿಲ್ಲ.

ಹಿಂದಿರುಗುವಾಗ ಸಂಜೆಯ ಬಿಸಿಲು ಬಂಡೆಬೆಟ್ಟಗಳ ಮೇಲೆ ಹಳದಿಯಾಗಿತ್ತು. ಅರ್ಧ ದಾರಿಯಲ್ಲಿ ನಾಗರಾಜಪ್ಪನವರು ಗಂಟಲು ಸರಿಮಾಡಿಕೊಂಡು, ಒಂದು ಮಾತು ಕೇಳಬಹುದೇ ಎಂದರು. ಅವರು ಹೇಳಿದ್ದನ್ನು ಕೇಳಿ ನಾನು ತಲೆ ತಿರುಗಿಸಿ ನೋಡಿದೆ. ಅವರ ಹೆಂಡತಿ ಸಾವಿತ್ರಮ್ಮನವರಿಗೆ ಹೃದಯ ದುರ್ಬಲವಾಗಿದೆ, ಕಾಲು ಊದಿಕೊಳ್ಳುತ್ತದೆ, ಉಪ್ಪು ಮುಟ್ಟಲೇಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಒಲೆಯ ಮುಂದೆ ನಿಲ್ಲಲು ಆಕೆಗೆ ಆಗುವುದಿಲ್ಲ. ತಾವೇ ಮಾಡಿ ಹಾಕುತ್ತಿದ್ದಾರೆ. ಆಕೆ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಾರೆ. ಇಷ್ಟನ್ನು ಆ ಮನುಷ್ಯ ದಿನವೂ ನನ್ನ ಜೊತೆ ನಡೆಯುತ್ತ ಒಂದು ದಿನವೂ ಹೇಳಿರಲಿಲ್ಲ. ನಾವು ರಾಜಕಾರಣದಿಂದ ಹಿಡಿದು ರೇಷ್ಮೆಗೂಡಿನ ದರದವರೆಗೆ ಎಲ್ಲವನ್ನೂ ಮಾತಾಡಿದ್ದೆವು.

“ನಾನು ಮಾಡಿದ್ದು ನಂಗೇ ಇಳಿಯಲ್ಲ ಸಾರ್,” ಎಂದರು. “ಅವಳು ಹೆಂಗೆ ತಿಂತಾಳೆ. ದಿನಾ ಕರಗ್ತಾ ಇದಾಳೆ.”

ಆ ವಿಡಿಯೋ ನಮ್ಮ ಬೀದಿಗೆ ಯಾರ ಫೋನಿನಿಂದ ಹರಡಿತ್ತೆಂದು ದಿವಾಕರನಿಗೆ ಗೊತ್ತಿತ್ತು. ನಾನೇ ಹಿಂದಿನ ದಿನ ಹೇಳಿದ್ದೆ. ಕನ್ನಡಿಯಲ್ಲಿ ಅವರ ಮುಖವನ್ನು ಒಮ್ಮೆ ನೋಡಿ, ಮನೆಯಲ್ಲಿ ಸೊಪ್ಪು ಇದೆಯೇ ಎಂದು ಕೇಳಿದ. ದಾರಿಯಲ್ಲಿ ಕಾರು ನಿಲ್ಲಿಸಿ ದಂಟಿನ ಸೊಪ್ಪು, ನಿಂಬೆಹಣ್ಣು, ಒಂದು ಹಿಡಿ ಬೆಳ್ಳುಳ್ಳಿ ಕೊಂಡ.

ನಾಗರಾಜಪ್ಪನವರ ಅಡುಗೆಮನೆ ಚಿಕ್ಕದು. ಟೀವಿಯಲ್ಲಿ ಬೆಳಕಿನ ಹೊಳೆಯಲ್ಲಿ ನಿಲ್ಲುವವನು ಅಲ್ಲಿ ಮೊಣಕೈ ತಾಗಿಸಿಕೊಂಡು ನಿಂತ. ಮೊದಲು ಸಾವಿತ್ರಮ್ಮನವರ ಹತ್ತಿರ ಹೋಗಿ, ವೈದ್ಯರು ಏನೇನು ಬೇಡವೆಂದಿದ್ದಾರೆ ಎಂದು ಕೇಳಿಕೊಂಡ. ಆಕೆ ದಿವಾನದ ಮೇಲೆ ದಿಂಬಿಗೆ ಒರಗಿದ್ದರು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು, ಮನೆಗೆ ಬಂದವರ ಕೈಯಲ್ಲಿ ಅಡುಗೆ ಮಾಡಿಸುವುದೇ ಎಂದು ಗಂಡನನ್ನು ಗದರಿದರು. ದಿವಾಕರ ಬೇಳೆ ಬೇಯಲಿಟ್ಟ. ಜೀರಿಗೆ, ಮೆಣಸು, ಕೊತ್ತಂಬರಿಬೀಜವನ್ನು ಬೇರೆಬೇರೆಯಾಗಿ ಹುರಿದ. ನಾಗರಾಜಪ್ಪನವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಬೆಳ್ಳುಳ್ಳಿಯನ್ನು ಅವರ ಕೈಯಿಂದಲೇ ಹುರಿಸಿದ. ಕಂದುಬಣ್ಣ ಬರುವವರೆಗೆ ಕೈ ಬಿಡಬೇಡಿ, ಉಪ್ಪು ಮಾಡುವ ಕೆಲಸವನ್ನು ಈಗ ಇದು ಮಾಡಬೇಕು ಎಂದ. ಹುಣಿಸೆ ಸ್ವಲ್ಪ, ಇಳಿಸಿದ ಮೇಲೆ ನಿಂಬೆರಸ. ಮುದ್ದೆಗೆ ಹೇಗೂ ಉಪ್ಪು ಬೇಕಿಲ್ಲ. ಯಾರ ಫೋನೂ ಆ ಅಡುಗೆಯನ್ನು ಹಿಡಿಯಲಿಲ್ಲ. ನಾನು ಬಾಗಿಲಲ್ಲಿ ನಿಂತು, ಈ ಮನುಷ್ಯ ಇಷ್ಟು ಮೌನವಾಗಿ ಅಡುಗೆ ಮಾಡಬಲ್ಲ ಎಂಬುದನ್ನು ಮೊದಲ ಸಲ ಕಂಡೆ.

ಸಾವಿತ್ರಮ್ಮ ಮೊದಲ ತುತ್ತನ್ನು ಅನುಮಾನದಿಂದ ನುಂಗಿದರು. ಎರಡನೆಯದಕ್ಕೆ ಗಂಡನ ಮುಖ ನೋಡಿದರು. ಉಪ್ಪು ಹಾಕಿದ್ದೀರಿ, ನನಗೆ ಸುಳ್ಳು ಹೇಳುತ್ತಿದ್ದೀರಿ ಎಂದರು. ಇಲ್ಲವೆಂದು ನಾಗರಾಜಪ್ಪ ತಲೆಯಾಡಿಸಿದರು. ಆಕೆ ಇನ್ನೊಂದು ಸೌಟು ಸಾರು ಕೇಳಿದಾಗ ಅವರು ಪಾತ್ರೆ ತರುತ್ತೇನೆಂದು ಒಳಗೆ ಹೋದರು. ಪಾತ್ರೆ ಆಕೆಯ ಎದುರಿನಲ್ಲೇ ಇತ್ತು. ಅವರು ಹೊರಬರಲು ಸ್ವಲ್ಪ ಹೊತ್ತಾಯಿತು, ನಾವು ಮೂವರೂ ಅದನ್ನು ಗಮನಿಸದವರಂತೆ ಮಳೆಯ ಮಾತಾಡಿದೆವು.

ಮಾರನೆಯ ದಿನ ನಾಗರಾಜಪ್ಪನವರು ವಾಕಿಂಗಿಗೆ ಬರಲಿಲ್ಲ. ಅವರ ಮನೆಯ ಕಿಟಕಿಯಿಂದ ಹುರಿದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು, ತುಸು ಸೀದಿತ್ತು. ಕರೆದೆ. ಈಗ ಮಾತಾಡಿಸಬೇಡಿ ಎಂದು ಒಳಗಿನಿಂದಲೇ ಹೇಳಿದರು. ನಾನೊಬ್ಬನೇ ಹೋಟೆಲಿಗೆ ಹೋದೆ. ಅಲ್ಲಿ ಏನೂ ಬದಲಾಗಿರಲಿಲ್ಲ. ಯಾರೋ ಆ ವಿಡಿಯೋವನ್ನು ಮತ್ತೆ ತೆಗೆದರು, ಮುನಿರಾಜು ಮತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು, ಗೌರಿಬಿದನೂರಿನಲ್ಲಿ ನಿಮ್ಮ ಷಡ್ಡಕರಿಗೆ ಚೆನ್ನಾಗಿ ಆಯಿತಂತಲ್ಲ ಎಂದು ಮೇಜು ತಟ್ಟಿದರು. ನಾನು ಎದುರಾಡಲಿಲ್ಲ. ಒಂದು ಮೇಜಿನ ಸುತ್ತ ಕುಳಿತಾಗ ಜನಕ್ಕೆ ಅಭಿಪ್ರಾಯವಿರಬೇಕಾಗುತ್ತದೆ, ಬರಿಗೈಯಲ್ಲಿ ಕೂರುವುದು ಮರ್ಯಾದೆಯಲ್ಲ. ಮನೆಗೆ ಹೋದ ಮೇಲೆ ಅವರವರಿಗೆ ಅವರವರ ಒಲೆಯಿದೆ.

ತಿಂಡಿ ಮುಗಿಸಿ ಕೈ ತೊಳೆಯಲು ಹೋದೆ. ಮುನಿರಾಜು ಹಿಂದೆಯೇ ಬಂದರು. ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನೊಳಗೆ ತಮ್ಮ ದನಿಯನ್ನು ಇಳಿಸಿದರು.

“ಮೇಷ್ಟ್ರೇ, ನಿಮ್ಮ ಷಡ್ಡಕರು ಮತ್ತೆ ಯಾವಾಗ ಬರ್ತಾರೆ? ನಮ್ಮಮ್ಮಂಗೆ ಸಕ್ಕರೆ ಜಾಸ್ತಿ ಆಗ್ಬಿಟ್ಟಿದೆ. ಏನೂ ತಿಂತಾ ಇಲ್ಲ.”

ಮುಂದಿನ ಭಾನುವಾರ ಎಂದೆ. ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ನಗುವ ಮುಖವನ್ನು ಮತ್ತೆ ಹಾಕಿಕೊಂಡು ಮೇಜಿಗೆ ಹೋದರು.